ಮನೆಯಲ್ಲಿ ‘ಫೇಲ್ ಆಗೇನಿ’ ಅಂದ ಹುಡುಗಿ

(ಹೆಸರು, ಊರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಹುಡುಗಿ ಮತ್ತು ಅವಳ ಅಪ್ಪ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.)

2025ರ ಏಪ್ರಿಲ್ ಕೊನೆಯ ವಾರ. ಬಾಗಲಕೋಟೆಯ ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಗೌರಿ ಅಂತಿಟ್ಟುಕೊಳ್ಳೋಣ. ಗುಳೇದಗುಡ್ಡದ ಕಡೆಯ ಹಳ್ಳಿ. ಅಪ್ಪ ಖಣ ನೇಯುತ್ತಾರೆ, ಅವ್ವ ಕಂಡಿಕೆ ಸುತ್ತುತ್ತಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ಸೈನ್ಸ್. ಅವಳ ಗಣಿತದ ಸರ್ ನನಗೆ ಫೋನ್ ಮಾಡಿದ್ದರು. ರಾತ್ರಿ ನಿದ್ದೆ ಇಲ್ಲ, ಊಟಾನೂ ಸರಿ ಇಲ್ಲ, ಸ್ವಲ್ಪ ಮಾತಾಡಿಸಿ ಅಂದಿದ್ದರು.

ರಿಸಲ್ಟ್ ಕೆಟ್ಟಿರಬೇಕು ಅಂದುಕೊಂಡೆ. ಕೇಳಿದರೆ ಬೇರೆಯೇ ಉತ್ತರ ಬಂತು.

“ಪಾಸ್ ಆಗೇನ್ರಿ ಅಕ್ಕಾರ. ಅಡ್ವಾನ್ಸ್ಡ್ ಬರೀಲಿಕ್ಕೂ ಬರತೈತ್ರಿ. ಮನ್ಯಾಗ ಮಾತ್ರ ಫೇಲ್ ಆಗೇನಿ ಅಂತ ಹೇಳೀನ್ರಿ.”

ಐಐಟಿ ಸೇರಬೇಕಾದರೆ ಜೆಇಇ ಮೇನ್, ಅಡ್ವಾನ್ಸ್ಡ್ ಅಂತ ಎರಡು ಪ್ರವೇಶ ಪರೀಕ್ಷೆ. ಮೇನ್ ಬರೆದ ಲಕ್ಷಗಟ್ಟಲೆ ಮಕ್ಕಳಲ್ಲಿ ಮೊದಲ ಎರಡೂವರೆ ಲಕ್ಷ ಮಂದಿಗೆ ಮಾತ್ರ ಅಡ್ವಾನ್ಸ್ಡ್ ಬರೆಯುವ ಅವಕಾಶ. ಕೋಚಿಂಗ್ ಇಲ್ಲದೆ ಅಲ್ಲಿವರೆಗೆ ಬಂದ ಹುಡುಗಿ ಅದನ್ನು ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಹೇಳಿದಳು.

ಚೀಲದಿಂದ ಲಾಂಗ್ ನೋಟ್‌ಬುಕ್ ತೆಗೆದು ಕೊನೆಯ ಹಾಳೆ ತೋರಿಸಿದಳು. ಐಐಟಿಯ ಟ್ಯೂಷನ್ ಫೀ ಒಂದು ಸೆಮಿಸ್ಟರಿಗೆ ಒಂದು ಲಕ್ಷ. ಅದನ್ನು ಎಂಟರಿಂದ ಗುಣಿಸಿದ್ದಳು. ಬಂದ 8,00,000ವನ್ನು ಒಂದು ಖಣಕ್ಕೆ ಅಪ್ಪನಿಗೆ ಸಿಗುವ ಕೂಲಿಯಿಂದ ಭಾಗಿಸಿದ್ದಳು. ದಶಾಂಶದ ಬಿಂದುವನ್ನೂ ಬಿಟ್ಟಿರಲಿಲ್ಲ. ಬಂದ ಉತ್ತರದ ಸುತ್ತ ಪೆನ್ನು ಎಷ್ಟು ಸಲ ತಿರುಗಿತ್ತೆಂದರೆ ಹಾಳೆ ಹರಿಯುವಂತಾಗಿತ್ತು. ಅಷ್ಟು ಖಣ ನೇಯಲು ಅಪ್ಪನಿಗೆ ಎಷ್ಟು ವರ್ಷ ಬೇಕು ಅನ್ನುವುದನ್ನು ಮಾತ್ರ ಬರೆದಿರಲಿಲ್ಲ.

ಆ ಲೆಕ್ಕ ತಪ್ಪು ಅಂತ ನನಗೆ ಗೊತ್ತಿತ್ತು. ಹಾಗಾಗಿ ಸರಸರ ಹೇಳಿಬಿಟ್ಟೆ. ಮನೆಯ ವಾರ್ಷಿಕ ಆದಾಯ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಐಐಟಿಯಲ್ಲಿ ಟ್ಯೂಷನ್ ಫೀ ಪೂರ್ತಿ ಮಾಫಿ. ಒಂದರಿಂದ ಐದು ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಭಾಗ ಮಾಫಿ. ಕೇಂದ್ರದ ಇನ್ನೊಂದು ಬಗೆಯ ಎಂಜಿನಿಯರಿಂಗ್ ಕಾಲೇಜುಗಳಾದ ಎನ್ಐಟಿಗಳಲ್ಲೂ ಇದೇ. ಅವಳು ಖುಷಿಪಡಲಿಲ್ಲ, ಅಳತೊಡಗಿದಳು. ನಾನು ಅವಸರ ಮಾಡಿದ್ದೆ. ಫೀ ಕಡಿಮೆ ಅಂತ ಗೊತ್ತಾದ ಕ್ಷಣಕ್ಕೆ ಅವಳ ಸುಳ್ಳಿಗೆ ಇದ್ದ ಕಾರಣವೇ ಇಲ್ಲದಂತಾಯಿತು. ಅಪ್ಪನ ಮುಖ ಹೇಗೆ ನೋಡಲಿ ಅನ್ನುವುದೊಂದೇ ಉಳಿಯಿತು. ಅರ್ಧ ಗಂಟೆ ಫೀ ಮಾತೇ ಎತ್ತಲಿಲ್ಲ. ಅತ್ತು ಮುಗಿಸಲಿ ಅಂತ ಬಿಟ್ಟೆ.

ಆಮೇಲೆ ಹೇಳಿದ್ದು ಇಷ್ಟು. ನೀನು ಸುಳ್ಳು ಹೇಳಿದ್ದು ಅಪ್ಪನ ಮೇಲಿನ ಕಾಳಜಿಯಿಂದ. ಆದರೆ ಅಪ್ಪನ ಪರವಾಗಿ ನೀನೇ ‘ಆಗಲ್ಲ’ ಅಂದುಬಿಟ್ಟೆ. ಅವರನ್ನು ಒಂದು ಮಾತು ಕೇಳಲಿಲ್ಲ. ಇವತ್ತು ರಾತ್ರಿ ಮೊದಲು ಅವ್ವನಿಗೆ ಹೇಳು. ಈ ಹಾಳೆಯನ್ನೇ ತೋರಿಸು. ಅರ್ಜಿಗೆ ಇನ್ನು ಮೂರು ದಿನ ಇದೆ, ಹುಡುಗಿಯರಿಗೆ ಫೀ 1600 ರೂಪಾಯಿ. ಬರೆಯುವುದೋ ಬೇಡವೋ ಅಂತ ಮೂವರೂ ಕೂತು ತೀರ್ಮಾನ ಮಾಡಿ.

ಮರುದಿನ ಅಪ್ಪ ಮಗ್ಗ ಬಿಟ್ಟು ಜೊತೆಗೇ ಬಂದರು. ಬಯ್ಯಲಿಲ್ಲ. “ನಮಗ ಹೇಳಬೇಕಿಲ್ಲೇನವಾ” ಅಂತ ಒಂದೇ ಸಲ ಅವಳ ಕಡೆ ತಿರುಗಿ ಕೇಳಿದರು. ಆಮೇಲೆ ನನ್ನ ಕಡೆ ನೋಡಿ, “ವರ್ಷಕ್ಕ ಲಕ್ಷದ ಮ್ಯಾಲ ಸ್ವಲ್ಪ ಬರತೈತ್ರಿ ಅಕ್ಕಾರ. ಲಕ್ಷದೊಳಗ ಅಂತ ಬರಸಿದ್ರ ಪೂರ್ತಿ ಮಾಫಿ ಆಗತೈತಲ್ರಿ?” ಅಂದರು.

ಈ ಪ್ರಶ್ನೆ ಕೇಳುವವರನ್ನು ನಾನು ಕೆಟ್ಟವರು ಅನ್ನಲಾರೆ. ಆದರೂ ಬೇಡ ಅಂದೆ. ನಾಲ್ಕು ವರ್ಷ ಪ್ರತಿ ಸಲ ಅದೇ ಆದಾಯ ಪ್ರಮಾಣಪತ್ರ ತೋರಿಸಬೇಕು. ಒಂದು ಕಡೆ ಒಂದು ಅಂಕಿ, ಇನ್ನೊಂದು ಕಡೆ ಇನ್ನೊಂದು ಇದ್ದರೆ ಭಯ ಬೀಳುವವಳು ಈ ಹುಡುಗಿಯೇ. ಮೂರರಲ್ಲಿ ಒಂದು ಭಾಗ ಕಟ್ಟೋಣ, ನಿದ್ದೆ ಮಾಡೋಣ ಅಂದೆ. ಅವರು ಒಪ್ಪಿದರು.

ಮಾಫಿ ಆಗುವುದು ಟ್ಯೂಷನ್ ಫೀ ಮಾತ್ರ, ಹಾಸ್ಟೆಲ್ ಮತ್ತು ಮೆಸ್ ಖರ್ಚು ಬೇರೆ ಅಂತಲೂ ಬಿಡಿಸಿ ಹೇಳಿದೆ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ತಪ್ಪು. ಅದಕ್ಕೆ ಪಿಎಂ ವಿದ್ಯಾಲಕ್ಷ್ಮಿ ಸಾಲ ಇದೆ, 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ್ದು. ಒಳ್ಳೆಯ ರ್‍ಯಾಂಕಿನ ಕಾಲೇಜುಗಳಿಗೆ ಜಾಮೀನು, ಅಡವು ಏನೂ ಬೇಡ. ಎಂಟು ಲಕ್ಷದೊಳಗಿನ ಆದಾಯದವರಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ ರಿಯಾಯಿತಿಯೂ ಇದೆ. ಆದರೆ ಸೀಟು ಸಿಕ್ಕ ಕೆಲವೇ ದಿನದಲ್ಲಿ ಹತ್ತಾರು ಸಾವಿರ ಕಟ್ಟಬೇಕು, ಸಾಲ ಅಷ್ಟು ಬೇಗ ಕೈಗೆ ಬರುವುದಿಲ್ಲ. ಆ ಹಣಕ್ಕೆ ನೂಲು ಕೊಡುವ ಸಾವಕಾರರ ಹತ್ತಿರ ಮುಂಗಡ ಕೇಳಬೇಡಿ ಅಂತ ಗಟ್ಟಿಯಾಗಿಯೇ ಹೇಳಿದೆ. ಮುಂಗಡ ತೀರುವ ತನಕ ಮಗ್ಗ ಅವರದ್ದೇ ಅಲ್ವಾ. ಅವ್ವನ ಸ್ತ್ರೀಶಕ್ತಿ ಸಂಘದಲ್ಲಿ ಈಗಲೇ ಮಾತಾಡಿಡಿ ಅಂದೆ.

ಇನ್ನು ಜಾತಿ ಪ್ರಮಾಣಪತ್ರ. ಅವರ ಹತ್ತಿರ ಇದ್ದದ್ದು ರಾಜ್ಯದ 2ಎ. ಐಐಟಿ, ಎನ್ಐಟಿಗೆ ಅದು ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು, ಅದೂ ಆ ವರ್ಷದ ಏಪ್ರಿಲ್ 1ರ ನಂತರದ ತಾರೀಖಿನದು. ಅವರ ಜಾತಿ ಕೇಂದ್ರದ ಪಟ್ಟಿಯಲ್ಲೂ ಇತ್ತು. ಇದೊಂದು ಗೊತ್ತಿಲ್ಲದೆ ಸೀಟು ಕಳೆದುಕೊಂಡ ಮಕ್ಕಳನ್ನು ಕಂಡಿದ್ದೇನೆ, ಈಗಲೂ ಹೊಟ್ಟೆ ಉರಿಯುತ್ತದೆ. ಅವತ್ತೇ ನಾಡಕಚೇರಿಗೆ ಕಳಿಸಿದೆ.

ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಇರುವ ಸಿಇಟಿ ದಾರಿಯನ್ನೂ ಬಿಡಬೇಡ ಅಂದೆ. ಹಳ್ಳಿಯಲ್ಲಿ ಓದಿದವರಿಗೆ ಅಲ್ಲಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಅವಳಿಗೆ ಎರಡೂ ಅನ್ವಯಿಸುತ್ತವೆ. 371ಜೆ ಸಿಗುತ್ತಾ ಅಂತ ಕೇಳಿದಳು. ಆ ವಿಶೇಷ ಮೀಸಲಾತಿ ಕಲ್ಯಾಣ ಕರ್ನಾಟಕದವರಿಗೆ, ಬಾಗಲಕೋಟೆ ಅದರಲ್ಲಿಲ್ಲ.

ಮೇ 18ಕ್ಕೆ ಹುಬ್ಬಳ್ಳಿಯಲ್ಲಿ ಅಡ್ವಾನ್ಸ್ಡ್ ಬರೆದಳು. ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ. ಅಪ್ಪ ಗೇಟಿನ ಹೊರಗೆ ರೊಟ್ಟಿ ಗಂಟು ಹಿಡಿದು ಕೂತಿದ್ದರಂತೆ. ರ್‍ಯಾಂಕ್ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಎರಡು ದಿನ ಮತ್ತೆ ಊಟ ಬಿಟ್ಟಳು. ಮೂರನೇ ದಿನ ಅವಳೇ ಫೋನ್ ಮಾಡಿ ಐಐಟಿ, ಎನ್ಐಟಿ ಸೀಟು ಹಂಚುವ ಜೋಸಾದಲ್ಲಿ ಆಪ್ಷನ್ ತುಂಬುವುದು ಹೇಗೆ ಅಂತ ಕೇಳಿದಳು. ಮೇನ್ ರ್‍ಯಾಂಕ್ ಮೇಲೆ ಎನ್ಐಟಿ ಸೀಟು ಸಿಗುತ್ತದೆ, ಅರ್ಧ ಸೀಟು ಆಯಾ ರಾಜ್ಯದವರಿಗೇ. ಅದೇ ಕೇಂದ್ರದ ಒಬಿಸಿ ಪ್ರಮಾಣಪತ್ರದ ಮೇಲೆ ಸುರತ್ಕಲ್‌ನಲ್ಲಿ ಮೈನಿಂಗ್ ಎಂಜಿನಿಯರಿಂಗ್ ಸೀಟು ಸಿಕ್ಕಿತು.

ಹೊರಡುವ ಮುಂಚೆ ಅಪ್ಪ, ಮಗಳು ಬಂದಿದ್ದರು. ಗೌರಿ ಆ ಹಳೆಯ ಹಾಳೆಯನ್ನೇ ತೆಗೆದು ತೋರಿಸಿದಳು. ಅದರ ಹಿಂಬದಿಯಲ್ಲಿ ಅಪ್ಪ ಪೆನ್ಸಿಲಿನಲ್ಲಿ ತಿಂಗಳ ಲೆಕ್ಕ ಬರೆದಿದ್ದರು. ಸಂಘದ ಕಂತು, ಮೆಸ್ಸು, ಬಸ್ಸು, ಸಾಬೂನು. ಎಲ್ಲಕ್ಕಿಂತ ಕೆಳಗೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ: ದೀಪಾವಳಿಗೆ ಊರಿಗೆ ಬರೋದು.