ಚಂಗೀಸ್ ಖಾನ್‌ನನ್ನು ಬಿಡಿ, ರೈಲು ಹತ್ತಿ

ಪ್ರಿಯ ಬರಹಗಾರರಿಗೆ,

ನಮಸ್ಕಾರ. ಮಂಗೋಲಿಯಾದ ಎರ್ದೆನೆತ್ ಊರಿನ ಖಾನ್‌ಗರಿದ್ ಫುಟ್‌ಬಾಲ್ ಕ್ಲಬ್ಬಿನ ಮೊದಲ ವರ್ಷಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲ ಎರಡು ಪುಟದ ತುಂಬ ಚಂಗೀಸ್ ಖಾನ್ ಇದ್ದಾನೆ. ಕುದುರೆ, ಕತ್ತಿ, ಸಾಮ್ರಾಜ್ಯ. ಚೆಂಡು ಕಾಣಿಸುವುದು ಮೂರನೇ ಪುಟದಲ್ಲಿ. ಮಂಗೋಲಿಯಾ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅವನೇ. ಓದುಗರಿಗೆ ಮೊದಲೇ ಗೊತ್ತಿರುವುದನ್ನು ಹೇಳೋಕೆ ಎರಡು ಪುಟ ಯಾಕೆ? ಪೂರ್ತಿ ತೆಗೆಯಿರಿ.

ನಾಲ್ಕನೇ ಪುಟದಲ್ಲಿ ಒಂದು ಸಣ್ಣ ಪ್ಯಾರಾ ಇದೆ. ರಾಜಧಾನಿ ಉಲಾನ್‌ಬಾತರ್‌ನಲ್ಲಿ ರಾತ್ರಿ ರೈಲು ಹತ್ತಿದರೆ ಎರ್ದೆನೆತ್ ತಲುಪುವಾಗ ಬೆಳಗಾಗಿರುತ್ತದೆ ಅಂತ ಬರೆದಿದ್ದೀರಿ. ಅಲ್ಲಿ ನಾನು ಎದ್ದು ಕೂತೆ. ಆ ದೇಶದ ದೊಡ್ಡ ತಂಡಗಳಲ್ಲಿ ಹೆಚ್ಚಿನವು ರಾಜಧಾನಿಯವು. ಖಾನ್‌ಗರಿದ್ ಮಾತ್ರ ಅಷ್ಟು ದೂರದ ತಾಮ್ರದ ಗಣಿಯ ಊರಿನದು. ನಿಮ್ಮ ಕಥೆ ಆ ರೈಲಿನಿಂದಲೇ ಹೊರಡಬೇಕು.

ಎರ್ದೆನೆತ್ ಹಳೇ ಊರಲ್ಲ. ತಾಮ್ರ ತೆಗೆಯಲಿಕ್ಕಂತಲೇ 1970ರ ದಶಕದಲ್ಲಿ ಸೋವಿಯತ್ ನೆರವಿನಿಂದ ಕಟ್ಟಿದ್ದು. 1990ರಲ್ಲಿ ಒಂದೇ ಪಕ್ಷದ ಆಡಳಿತ ಮುಗಿಯಿತು. ಸೋವಿಯತ್ ನೆರವೂ ನಿಂತಿತು. ದೇಶದ ತುಂಬ ಹಣದ ಕಷ್ಟ ಶುರುವಾಯಿತು. ಕ್ಲಬ್ ಹುಟ್ಟಿದ್ದು ಅದೇ ದಶಕದಲ್ಲಿ. ಇದೆಲ್ಲ ನಿಮ್ಮ ಲೇಖನದಲ್ಲಿ ಒಂದೇ ಸಾಲು. ಪಂದ್ಯಗಳ ಫಲಿತಾಂಶಕ್ಕೆ ಮಾತ್ರ ಒಂದೂವರೆ ಪುಟ! ದಯವಿಟ್ಟು ತಿರುಗಿಸಿ. ಗಣಿ ಊರಿನ ಹುಡುಗರಿಗೆ ಆಗ ಫುಟ್‌ಬಾಲ್ ಯಾಕೆ ಬೇಕಿತ್ತು ಅನ್ನುವುದನ್ನು ಹುಡುಕಿ ಬರೆಯಿರಿ.

ಅವರ ಎದುರಾಳಿ ಎರ್ಚಿಮ್ ತಂಡದ ಹೆಸರನ್ನು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಎರ್ಚಿಮ್ ಅಂದರೆ ಶಕ್ತಿ. ಅದು ರಾಜಧಾನಿಯ ಉಷ್ಣ ವಿದ್ಯುತ್ ಸ್ಥಾವರದ ತಂಡ. ಊರಿಗೆ ಕರೆಂಟು ಕೊಡುವ, ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುವ ಸ್ಥಾವರ. ಒಂದು ಕಡೆ ಕರೆಂಟಿನವರು, ಇನ್ನೊಂದು ಕಡೆ ತಾಮ್ರದೂರಿನವರು. ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳ ಆಟ ನೋಡಿ ಬೆಳೆದ ಬೆಂಗಳೂರಿನ ಹಳೇ ಅಭಿಮಾನಿಗೆ ಇದು ತಟ್ಟನೆ ಅರ್ಥವಾಗುತ್ತದೆ. 2003 ಮತ್ತು 2004ರಲ್ಲಿ ಖಾನ್‌ಗರಿದ್ ದೇಶದ ಲೀಗ್ ಚಾಂಪಿಯನ್ ಆಯಿತು ಅನ್ನುವ ಮಾತಿಗೆ ಆಗ ತೂಕ ಬರುತ್ತದೆ.

ಇನ್ನೊಂದು ವಿಷಯ ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲ. ಖಾನ್‌ಗರಿದ್ ಅಂದರೆ ನಮ್ಮ ಗರುಡ. ಬೌದ್ಧ ಧರ್ಮದ ದಾರಿಯಲ್ಲಿ ಅಲ್ಲಿಗೆ ಹೋದ ಹಕ್ಕಿ. ಉಲಾನ್‌ಬಾತರ್ ನಗರದ ಲಾಂಛನದಲ್ಲೂ ಅದೇ ಇದೆ. ಎರ್ದೆನೆತ್ ಹೆಸರಿನಲ್ಲಿರುವ ‘ಎರ್ದೆನೆ’ ಕೂಡ ಸಂಸ್ಕೃತದ ರತ್ನದಿಂದ ಹೋದದ್ದು. ರತ್ನದ ಊರಿನ ಗರುಡ! ದೇವಸ್ಥಾನದ ಮುಂದೆ ಗರುಡಗಂಬ ನೋಡಿ ಬೆಳೆದ ನಮ್ಮ ಓದುಗರಿಗೆ ಇದು ಎಷ್ಟು ಹತ್ತಿರ, ಅಲ್ವಾ? ಆದರೆ ಎರಡು ಮೂರು ಸಾಲು ಸಾಕು. ಎಲ್ಲವೂ ನಮ್ಮಿಂದಲೇ ಹೋಯಿತು ಅನ್ನುವ ಜಂಬಕ್ಕೆ ಇಳಿಯಬೇಡಿ. ಆ ಹಕ್ಕಿ ಈಗ ಅವರದ್ದೂ ಹೌದು.

ಈಗ ತಪ್ಪುಗಳು. ‘ಜನವರಿಯ ಕೊರೆಯುವ ಚಳಿಯಲ್ಲಿ, ಹಿಮದ ರಾಶಿಯ ನಡುವೆ ಲೀಗ್ ಆಡಿದರು’ ಅಂತ ಬರೆದಿದ್ದೀರಿ. ಜನವರಿಯಲ್ಲಿ ರಾಜಧಾನಿಯ ಸರಾಸರಿ ಉಷ್ಣಾಂಶವೇ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿರುತ್ತದೆ. ಆಗ ಲೀಗ್ ನಡೆಯುವುದಿಲ್ಲ. ಆ ವರ್ಷಗಳಲ್ಲಿ ಬೆಚ್ಚಗಿನ ಕೆಲವೇ ತಿಂಗಳಲ್ಲಿ ಎಲ್ಲ ಮುಗಿಯಬೇಕಿತ್ತು. ನಿಜವಾದ ಕಷ್ಟ ಅದು. ನೀವು ಸುಮ್ನೆ ಒಂದು ಚಿತ್ರ ಕಟ್ಟಿದಿರಿ, ಅದರ ಹಿಂದೆ ಅಸಲಿ ಕಷ್ಟ ಮರೆಯಾಯಿತು.

ಇದಕ್ಕಿಂತ ದೊಡ್ಡ ತಪ್ಪು ಕೋಚ್‌ನ ಭಾಷಣ. 2003ರ ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಹನ್ನೆರಡು ಸಾಲು ಮಾತಾಡುತ್ತಾರೆ. ಅದನ್ನು ಎಲ್ಲಿಂದ ತಂದಿರಿ? ನೀವು ಅಲ್ಲಿರಲಿಲ್ಲ. ಯಾರ ಸಂದರ್ಶನದಲ್ಲೋ ಓದಿದ್ದರೆ ಹಾಗಂತ ಹೇಳಿ. ನೀವೇ ಕಟ್ಟಿದ್ದಾದರೆ ತೆಗೆಯಿರಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಬದುಕಿರುವ ಮನುಷ್ಯರ ಬಾಯಲ್ಲಿ ಅವರು ಆಡದ ಮಾತು ಇಡಬಾರದು.

‘ಪಾಪ’ ಅನ್ನುವ ಪದ ಐದು ಸಲ ಬಂದಿದೆ. ಐದನ್ನೂ ಹೊಡೆದುಹಾಕಿದ್ದೇನೆ. ಮಂಗೋಲಿಯಾ 1998ರಲ್ಲಿ ಫಿಫಾ ಸೇರಿತು. ಅದೇ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಉಜ್ಬೇಕಿಸ್ತಾನದ ಎದುರು 15-0ಯಿಂದ ಸೋತಿತು. ಇದನ್ನು ನೀವು ಮರುಕಕ್ಕೆ ಬಳಸಿದ್ದೀರಿ. ಅಳತೆಗೋಲಾಗಿ ಬಳಸಿ ನೋಡಿ. 2019ರಲ್ಲಿ ಅದೇ ದೇಶ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಬ್ರೂನೈಯನ್ನು ಎರಡು ಪಂದ್ಯ ಸೇರಿ 3-2ರಿಂದ ದಾಟಿ ಮುಂದೆ ಹೋಯಿತು. ಖಾನ್‌ಗರಿದ್‌ನಂಥ ಕ್ಲಬ್ಬುಗಳ ವರ್ಷಗಳು ಈ ಎರಡರ ನಡುವೆ ಇವೆ.

ಕೊನೆಗೆ ನಿಮ್ಮ ಪತ್ರದ ಮಾತು. 2023ರ ಜೂನ್‌ನಲ್ಲಿ ಭುವನೇಶ್ವರದಲ್ಲಿ ನಡೆದ ಭಾರತ–ಮಂಗೋಲಿಯಾ ಪಂದ್ಯವನ್ನು ಟಿವಿಯಲ್ಲಿ ನೋಡಿದಿರಿ. ಎರಡನೇ ನಿಮಿಷಕ್ಕೆ ಭಾರತದ ಒಂದು ಗೋಲು, ಹದಿನಾಲ್ಕನೇ ನಿಮಿಷಕ್ಕೆ ಇನ್ನೊಂದು. ಇನ್ನು ಆರೋ ಏಳೋ ಆಗುತ್ತದೆ ಅಂದುಕೊಂಡಿರಿ. ಆಗಲಿಲ್ಲ. ಪಂದ್ಯ 2-0ಗೇ ಮುಗಿಯಿತು. ‘ಈ ಹುಡುಗರು ಎಲ್ಲಿ ಆಟ ಕಲಿತರು ಅಂತ ಅವತ್ತು ರಾತ್ರಿಯೇ ಹುಡುಕಲು ಕೂತೆ’ ಅಂತ ನನಗೆ ಬರೆದಿರಿ. ಲೇಖನದಲ್ಲಿ ಮಾತ್ರ ಆ ರಾತ್ರಿಯ ಸುಳಿವೇ ಇಲ್ಲ! ಅದು ಬೇಕು. ರೈಲಿನ ಪ್ಯಾರಾ ಮುಗಿದ ಕೂಡಲೇ ಅದನ್ನು ತನ್ನಿ.

1,500 ಪದ ಮೀರದಿರಲಿ. ಫಲಿತಾಂಶದ ಪಟ್ಟಿ ಬೇಡ. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ