ಪ್ರಶ್ನೆ ಕೇಳಿದ್ರೆ ಎಲ್ಲರ ತಲೆ ಕೆಳಗೆ!

ಪ್ರಶ್ನೆ: ಗುರುಮಠಕಲ್ ಕಡೆಯ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ನಲವತ್ತಕ್ಕೂ ಜಾಸ್ತಿ ಮಕ್ಕಳಿದ್ದಾರೆ. ಏನೇ ಕೇಳಿದರೂ ಮುಂದಿನ ಬೆಂಚಿನ ಅದೇ ನಾಲ್ಕು ಮಂದಿ ಕೈ ಎತ್ತುತ್ತಾರೆ. ಉಳಿದವರನ್ನು ಹೆಸರು ಹಿಡಿದು ಎಬ್ಬಿಸಿದರೆ ಗೋಡೆ ನೋಡುತ್ತಾ ನಿಲ್ಲುತ್ತಾರೆ. ಬೈದು ನೋಡಿದೆ, ಚಾಕೊಲೇಟ್ ಕೊಟ್ಟು ನೋಡಿದೆ. ಬೆಲ್ ಹೊಡೆದರೆ ಮಾತ್ರ ಇವರದ್ದೇ ಗದ್ದಲ. ಏನು ಮಾಡಲಿ?
– ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ: ಬೆಲ್ ಹೊಡೆದ ಮೇಲೆ ಗದ್ದಲ ಮಾಡುತ್ತಾರೆ ಅಂದ್ರೆ ಮಾತು ಬರುತ್ತೆ ಅಂತಾಯ್ತಲ್ವಾ? ಎಲ್ಲರ ಮುಂದೆ ಒಬ್ಬರೇ ಎದ್ದು ನಿಂತು ತಪ್ಪು ಹೇಳುವುದಕ್ಕೆ ಹೆದರಿಕೆ, ಅಷ್ಟೇ. ಯಾರೋ ಕಿಸಕ್ಕನೆ ನಕ್ಕರೆ ವಾರಪೂರ್ತಿ ಅದೇ ಅಡ್ಡಹೆಸರು. ಚಾಕೊಲೇಟಿಗೆ ಆ ಹೆದರಿಕೆ ಹೋಗಲ್ಲ.

ಮೊದಲು ಕಾಯಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಂಬುವವರು 1970ರ ದಶಕದಲ್ಲಿ ಇದನ್ನೇ ಅಧ್ಯಯನ ಮಾಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ನೆ ಕೂರುವವರು ಕಡಿಮೆಯಾದರು. ನಿಮ್ಮಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು, ಯಾಕಂದ್ರೆ ಗಡಿ ಭಾಗ. ಮನೆಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ, ಇನ್ನು ಕೆಲವರದ್ದು ದಖನಿ ಉರ್ದು. ಆ ಮಗು ತನ್ನ ಮಾತಲ್ಲಿ ಯೋಚಿಸಿ, ಅದನ್ನು ಕನ್ನಡಕ್ಕೆ ತಂದು, ಆಮೇಲೆ ಪುಸ್ತಕದ ಕನ್ನಡಕ್ಕೆ ಒಗ್ಗಿಸಿ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಬೆಂಚಿನವರು ಹೇಳಿ ಮುಗಿಸಿರುತ್ತಾರೆ.

ಅದಕ್ಕೇ ಪ್ರಶ್ನೆ ಕೇಳಿದ ಮೇಲೆ ಒಂದು ನಿಮಿಷ ಪಕ್ಕದವರ ಜೊತೆ ಮಾತಾಡಲು ಬಿಡಿ, ಯಾವ ಭಾಷೆಯಲ್ಲಾದರೂ ಸರಿ. ಆಮೇಲೆ 'ನಿಮ್ಮಿಬ್ಬರಿಗೆ ಏನನಿಸ್ತು?' ಅಂತ ಕೇಳಿ. ತಪ್ಪಾದರೆ ಇಬ್ಬರದ್ದೂ ತಪ್ಪು, ಒಬ್ಬರ ಮಾನ ಹೋಗಲ್ಲ.

ಇನ್ನು ಪ್ರಶ್ನೆಯನ್ನೇ ಬದಲಿಸಿ. 'ರೈಜೋಬಿಯಂ ಎಂದರೇನು?' ಅಂದರೆ ಬಾಯಿಪಾಠ ಮಾಡಿದವರು ಮಾತ್ರ ಹೇಳಬಲ್ಲರು. ಮಳೆಗಾಲದಲ್ಲಿ ಬೇರುಸಮೇತ ಒಂದು ತೊಗರಿ ಗಿಡ ತಂದು ಮೇಜಿನ ಮೇಲಿಡಿ. ಬೇರಲ್ಲಿ ಈ ಗಂಟು ಯಾಕೆ, ಒಡೆದರೆ ಒಳಗೆ ಯಾವ ಬಣ್ಣ ಅಂತ ಕೇಳಿ. ಅಪ್ಪ ಅವ್ವನ ಜೊತೆ ಕಳೆ ಕೀಳಲು ಹೋಗುವ ಹಿಂದಿನ ಬೆಂಚಿನ ಹುಡುಗ ಅದನ್ನು ಕಣ್ಣಾರೆ ಕಂಡಿರುತ್ತಾನೆ. 'ಕೆಂಪಗಿರ್ತದ್ರಿ ಟೀಚರ್' ಅಂದರೆ ಅವನ ಭಾಷೆ ತಿದ್ದಲು ಹೋಗಬೇಡಿ ಮಾರಾಯ್ರೇ, ಮಾತು ಅಲ್ಲಿಗೇ ನಿಲ್ಲುತ್ತೆ! ನಸುಗೆಂಪು ಇದ್ದರೆ ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದೆ ಅಂತ ನೀವು ಮುಂದುವರಿಸಿ. ಆ ಬ್ಯಾಕ್ಟೀರಿಯಾದ ಹೆಸರೇ ರೈಜೋಬಿಯಂ ಅಂತ ಕೊನೆಗೆ ಹೇಳಿದರೂ ನಡೆಯುತ್ತೆ.

ಆ ನಾಲ್ಕು ಮಂದಿಗೆ ಬೇರೆ ಕೆಲಸ ಕೊಡಿ: ಬೇರೆಯವರು ಉತ್ತರ ಹೇಳಿದ ಮೇಲೆ ಅದರ ಮೇಲೊಂದು ಪ್ರಶ್ನೆ ಕೇಳುವುದು. ಏನು ಮಾಡಿದರೂ ಬಾಯಿ ಬಿಡದ ಮಕ್ಕಳು ಚೀಟಿಯಲ್ಲಿ ಬರೆದು ಕೊಡಲಿ. ಅವರಿಗೆ ಬೋರ್ಡ್ ಕಾಣುತ್ತಾ, ಕಿವಿ ಸರಿಯಾಗಿ ಕೇಳುತ್ತಾ ಅಂತಲೂ ಒಮ್ಮೆ ನೋಡಿ.

ನಿಮ್ಮ ಕಡೆ ಅಪ್ಪ ಅವ್ವನ ಜೊತೆ ಬೆಂಗಳೂರು, ಹೈದರಾಬಾದ್ ಅಂತ ದುಡಿಯಲು ಹೋಗಿ ತಿಂಗಳುಗಟ್ಟಲೆ ಆದ ಮೇಲೆ ವಾಪಸ್ ಬರುವ ಮಕ್ಕಳೂ ಇರುತ್ತಾರೆ. ಅವರನ್ನು ಬಂದ ದಿನವೇ ಎಬ್ಬಿಸಿ ನಿಲ್ಲಿಸಬೇಡಿ. ಬಿಟ್ಟುಹೋದ ಪಾಠ ಹೇಳಿಕೊಡಬಲ್ಲ ಗೆಳೆಯರ ಪಕ್ಕ ಕೂರಿಸಿ, ಮೊದಲ ಒಂದೆರಡು ವಾರ ಅಷ್ಟು ಸಾಕು.