ಓದುಗರ ಪ್ರಶ್ನೆ: ಅಧ್ಯಕ್ಷರ ಹೆಂಡ್ತಿಗೆ ಏನು ಕೆಲಸ?

ಪ್ರಶ್ನೆ: ಅಮೆರಿಕ ಅಧ್ಯಕ್ಷರ ಹೆಂಡ್ತಿಗೆ ಸರ್ಕಾರ ಸಂಬಳ ಕೊಡುತ್ತಾ ಮೇಡಂ? ಟಿವಿಲಿ ನೋಡಿದ್ರೆ ಅವರಿಗೂ ಆಫೀಸು, ಸ್ಟಾಫು ಎಲ್ಲಾ ಇರೋ ಹಾಗೆ ಕಾಣುತ್ತೆ.
(ಓದುಗರು, ತಿಪಟೂರು)

ಸಂಬಳ ಒಂದು ಡಾಲರೂ ಇಲ್ಲ. ಫಸ್ಟ್ ಲೇಡಿ ಅನ್ನೋ ಹುದ್ದೇನೇ ಅವರ ಸಂವಿಧಾನದಲ್ಲಿಲ್ಲ. ಸ್ಟಾಫ್ ಇರೋದು ಮಾತ್ರ ನಿಜ, ಅಧ್ಯಕ್ಷರ ಕೆಲಸಕ್ಕೆ ಹೆಂಡ್ತಿನೋ ಗಂಡನೋ ನೆರವಾಗ್ತಿದ್ರೆ ಅವರಿಗೂ ಸಿಬ್ಬಂದಿ ಕೊಡಬಹುದು ಅಂತ 1978ರ ಒಂದು ಕಾನೂನಿದೆ.

ಪ್ರಶ್ನೆ: ಹೋದ ಸಲ ನೀವು ಅಮೆರಿಕ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಹೆಂಡ್ತಿ ಎಲಿನಾರ್ ರೂಸ್‌ವೆಲ್ಟ್‌ನ ತುಂಬಾ ಹೊಗಳಿದ್ರಿ. ಗಂಡ ಅಧ್ಯಕ್ಷ ಆಗಿರದಿದ್ರೆ ಅವರನ್ನ ಯಾರು ಕೇಳ್ತಿದ್ರು? ಜನ ಓಟು ಹಾಕಿ ಆರಿಸದೇ ಇರೋರು ದೇಶದ ವಿಷಯದಲ್ಲಿ ಅಷ್ಟು ಮಾತಾಡೋದು ಸರೀನಾ?
(ಓದುಗರು, ಶಿವಮೊಗ್ಗ)

ನ್ಯಾಯವಾದ ಪ್ರಶ್ನೇನೇ, ಆ ಕಾಲದಲ್ಲಿ ಅಮೆರಿಕದಲ್ಲೂ ಬಹಳ ಜನ ಇದನ್ನೇ ಕೇಳ್ತಿದ್ರು. ಆದ್ರೂ ಆಯಮ್ಮ ಕೆಲಸ ಶುರು ಮಾಡಿದ್ದು ಹೇಗೆ ಅಂತ ಸ್ವಲ್ಪ ನೋಡಿ. 1921ರಲ್ಲಿ ಗಂಡ ಫ್ರಾಂಕ್ಲಿನ್‌ಗೆ ಪೋಲಿಯೋ ಬಂದು ಕಾಲುಗಳ ಸ್ವಾಧೀನ ಹೋಯ್ತು, ಮುಂದೆ ನ್ಯೂಯಾರ್ಕ್ ಗವರ್ನರ್ ಆದಾಗ ಸರ್ಕಾರಿ ಆಸ್ಪತ್ರೆ ಅದು ಇದು ನೋಡೋಕೆ ಹೋದ್ರೆ ಕಟ್ಟಡದ ಒಳಗೆಲ್ಲಾ ಓಡಾಡೋದು ಅವರಿಗೆ ಆಗ್ತಿರ್ಲಿಲ್ಲ, ಅದಕ್ಕೆ ಎಲಿನಾರ್ ಒಳಗೆ ಹೋಗಿ ನೋಡ್ಕೊಂಡು ಬಂದು ಹೇಳ್ಬೇಕು. ಮೊದಮೊದಲು ಇವತ್ತಿನ ಊಟ ಇಂಥದ್ದು ಅಂತ ಗೋಡೆ ಮೇಲಿನ ಪಟ್ಟಿ ಓದ್ಕೊಂಡು ಬಂದು ಒಪ್ಪಿಸೋರು, ಗಂಡ ಬಿಡ್ತಿರ್ಲಿಲ್ಲ, ಅದನ್ನೇ ನಿಜವಾಗ್ಲೂ ಬಡಿಸಿದ್ರಾ ಅಂತ ಕೇಳೋರು. ಆಮೇಲಾಮೇಲೆ ಎಲಿನಾರ್ ಸೀದಾ ಅಡುಗೆಮನೆಗೇ ನುಗ್ಗಿ ಒಲೆ ಮೇಲಿರೋ ಪಾತ್ರೆಯ ಮುಚ್ಚಳ ತೆಗೆದು ನೋಡೋದು ಕಲಿತ್ರು, ಮಂಚಗಳನ್ನ ಒಂದಕ್ಕೊಂದು ಅಂಟಿಸಿ ಹಾಕಿದ್ರೆ ಅಲ್ಲಿ ಜಾಸ್ತಿ ಜನರನ್ನ ತುಂಬಿದಾರೆ ಅಂತ ಅರ್ಥ ಮಾಡ್ಕೊಳ್ಳೋದೂ ಕಲಿತ್ರು. ನನಗೆ ಅವರ ಮೇಲೆ ಗೌರವ ಬಂದಿದ್ದೇ ಇಲ್ಲಿಂದ.

1933ರಲ್ಲಿ ವೈಟ್ ಹೌಸ್‌ಗೆ ಹೋದ ಎರಡೇ ದಿನಕ್ಕೆ ತಮ್ಮದೇ ಪ್ರೆಸ್ ಮೀಟ್ ಕರೆದ್ರು, ಮಹಿಳಾ ವರದಿಗಾರರಿಗೆ ಮಾತ್ರ ಪ್ರವೇಶ. ಅದು ಮಹಾ ಆರ್ಥಿಕ ಕುಸಿತದ ಕಾಲ, ಎಲ್ಲಿ ನೋಡಿದ್ರೂ ಕೆಲಸ ಹೋಗ್ತಿತ್ತು, ಇವರ ಸುದ್ದಿ ಬೇಕು ಅಂದ್ರೆ ಪೇಪರ್‌ನವರು ಒಬ್ಬ ಹೆಣ್ಣುಮಗಳನ್ನಾದ್ರೂ ಕೆಲಸದಲ್ಲಿ ಇಟ್ಕೊಳ್ಳಲೇಬೇಕಾಯ್ತು. ಮೊದಲ ವರ್ಷಾನೇ 3 ಲಕ್ಷ ಕಾಗದ ಬಂದ್ವು, ಕೆಲಸ ಕೊಡಿಸಿ ಅಂತ, ಮಕ್ಕಳಿಗೆ ಹಳೇ ಬಟ್ಟೆ ಇದ್ರೆ ಕಳಿಸಿ ಅಂತ. 1935ರ ಕೊನೆಯಿಂದ ವಾರಕ್ಕೆ ಆರು ದಿನ ಪತ್ರಿಕೆಗಳಿಗೆ ಅಂಕಣ ಬರೀತಿದ್ರು, 1941ರಿಂದ ಒಂದು ಮಹಿಳಾ ಮಾಸಿಕದಲ್ಲಿ ನಮ್ಮ ಈ ಕಾಲಂ ತರಾನೇ ಓದುಗರ ಪ್ರಶ್ನೆಗೆ ಉತ್ತರಾನೂ ಕೊಡ್ತಿದ್ರು.

1938ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಸಮ್ಮೇಳನ, ಬಿಳಿಯರು ಒಂದು ಕಡೆ ಕರಿಯರು ಒಂದು ಕಡೆ ಕೂರಬೇಕು ಅಂತ ಅಲ್ಲಿ ಕಾನೂನು. ಇವರು ಹೋಗಿ ಕರಿಯರ ಕಡೆ ಕೂತ್ರು, ಪೊಲೀಸ್ರು ಬಂದು ಏಳಿ ಅಂದಾಗ ಕುರ್ಚಿ ತಗೊಂಡು ಎರಡೂ ಕಡೆಗೆ ನಡುವೆ, ಓಡಾಡೋ ಜಾಗದಲ್ಲಿ ಹಾಕ್ಕೊಂಡು ಕೂತ್ಬಿಟ್ರು. ಮಾರನೇ ವರ್ಷ ಮೇರಿಯನ್ ಆಂಡರ್ಸನ್ ಅನ್ನೋ ದೊಡ್ಡ ಗಾಯಕಿಗೆ ಕರಿಯಳು ಅನ್ನೋ ಕಾರಣಕ್ಕೆ ಒಂದು ಮಹಿಳಾ ಸಂಘ ತನ್ನ ಸಭಾಂಗಣ ಕೊಡಲಿಲ್ಲ, ಎಲಿನಾರ್ ಆ ಸಂಘಕ್ಕೆ ರಾಜೀನಾಮೆ ಕೊಟ್ರು. ಏಪ್ರಿಲ್ 9ಕ್ಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಹಾಡು ನಡೀತು, ಕೇಳೋಕೆ 75 ಸಾವಿರ ಜನ ಸೇರಿದ್ರು.

ಎಲ್ಲಾ ಗೆದ್ರು ಅಂತ ನಾನು ಹೇಳಲ್ಲ. ಕರಿಯರನ್ನ ಗುಂಪು ಕಟ್ಕೊಂಡು ಕೊಲ್ಲೋದ್ರ ವಿರುದ್ಧ ಮಸೂದೆ ತರೋಣ ಅಂತ ಗಂಡನ ಹಿಂದೆ ಬಿದ್ರೂ ದಕ್ಷಿಣದ ಸೆನೆಟರ್‌ಗಳು ಮುನಿಸ್ಕೋತಾರೆ ಅಂತ ಫ್ರಾಂಕ್ಲಿನ್ ಅದರ ಬೆನ್ನಿಗೆ ನಿಲ್ಲಲಿಲ್ಲ. 1942ರಲ್ಲಿ ಜಪಾನ್ ಜೊತೆ ಯುದ್ಧ ನಡೀವಾಗ ಗಂಡನ ಸರ್ಕಾರ ಅಮೆರಿಕದಲ್ಲಿದ್ದ ಜಪಾನೀ ಮೂಲದ ಜನರನ್ನ ಮನೆ ಬಿಡಿಸಿ ಕ್ಯಾಂಪಿಗೆ ಹಾಕಿದಾಗ ಎಲಿನಾರ್‌ಗೆ ಒಳಗೊಳಗೆ ವಿರೋಧ ಇದ್ರೂ ಬಹಿರಂಗವಾಗಿ ಗಂಡನ ವಿರುದ್ಧ ಮಾತಾಡಲಿಲ್ಲ, ಅದು ನನಗೆ ಈಗ್ಲೂ ಬೇಜಾರಿನ ವಿಷಯ. ನೀವು ಕೇಳಿದ ಹಕ್ಕಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ, ಆದೇಶ ಕೊಡೋ ಅಧಿಕಾರ ಅವರಿಗಿರಲಿಲ್ಲ, ಕಂಡಿದ್ದನ್ನ ಹೇಳಬಹುದಿತ್ತು ಅಷ್ಟೇ, ಅಷ್ಟು ಹಕ್ಕು ಯಾರಿಗಾದ್ರೂ ಇರಲೇಬೇಕು.

ಇನ್ನು ಗಂಡ ಇಲ್ಲದಿದ್ರೆ ಯಾರು ಕೇಳ್ತಿದ್ರು ಅಂದ್ರಲ್ಲಾ. ಗಂಡ 1945ರ ಏಪ್ರಿಲ್ 12ಕ್ಕೆ ತೀರ್ಕೊಂಡ್ರು. ಅದೇ ವರ್ಷದ ಕೊನೆಗೆ ಹೊಸ ಅಧ್ಯಕ್ಷ ಟ್ರೂಮನ್ ಎಲಿನಾರ್‌ನ ವಿಶ್ವಸಂಸ್ಥೆಗೆ ಕಳಿಸಿದ್ರು, ಅಲ್ಲಿ ಮಾನವ ಹಕ್ಕುಗಳ ಆಯೋಗಕ್ಕೆ ಅಧ್ಯಕ್ಷೆ ಆದ್ರು. ಆ ಆಯೋಗ ಬರೆದಿದ್ದೇ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ, ಅದರಲ್ಲಿ ಹೆಂಗಸರನ್ನೂ ಸ್ಪಷ್ಟವಾಗಿ ಸೇರಿಸಿ ಬರೀಬೇಕು ಅಂತ ಅಲ್ಲಿ ಹಟ ಹಿಡಿದು ಗೆದ್ದಿದ್ದು ಭಾರತದ ಪ್ರತಿನಿಧಿ, ನಮ್ಮ ಹಂಸಾ ಮೆಹ್ತಾ. 1948ರ ಡಿಸೆಂಬರ್ 10ಕ್ಕೆ ಪ್ಯಾರಿಸ್‌ನಲ್ಲಿ ಘೋಷಣೆ ಪಾಸಾಯ್ತು, ಪರವಾಗಿ 48 ಓಟು, ವಿರುದ್ಧ ಒಂದೂ ಇಲ್ಲ, 8 ದೇಶ ತಟಸ್ಥ.

ಪ್ರಶ್ನೆ: ಬರೀ ಅಮೆರಿಕದವರದ್ದೇ ಆಯ್ತು. ನಮ್ಮ ಪ್ರಧಾನಿಗಳ ಹೆಂಡ್ತೀರಲ್ಲಿ ಯಾರ ಬಗ್ಗೇನೂ ಹೇಳೋಕೆ ಇಲ್ವಾ?
(ಓದುಗರು, ಗದಗ)

ಖಂಡಿತ ಇದೆ, ನಾನಾದ್ರೆ ಲಲಿತಾ ಶಾಸ್ತ್ರಿ ಹೆಸರು ಹೇಳ್ತೀನಿ. ಲಾಲ್ ಬಹದ್ದೂರ್ ಶಾಸ್ತ್ರಿ ಪ್ರಧಾನಿ ಆಗಿದ್ದಾಗ ಮನೆಗೆ ಒಂದು ಫಿಯಟ್ ತಗೊಂಡ್ರು, ಬೆಲೆ 12 ಸಾವಿರ, ಕೈಲಿದ್ದಿದ್ದು 7 ಸಾವಿರ, ಉಳಿದ 5 ಸಾವಿರ ಬ್ಯಾಂಕ್ ಸಾಲ. 1966ರ ಜನವರಿ 11ಕ್ಕೆ ಅವರು ತಾಷ್ಕೆಂಟ್‌ನಲ್ಲಿ ತೀರ್ಕೊಂಡಾಗ ಸಾಲ ಹಾಗೇ ಇತ್ತು, ಅದನ್ನ ಲಲಿತಾ ಅವರು ತಮಗೆ ಬರ್ತಿದ್ದ ಪಿಂಚಣಿಯಲ್ಲೇ ತೀರಿಸಿದ್ರು. ಆ ಕಾರನ್ನ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿ ಇಟ್ಟಿದಾರೆ, ಆ ಕಡೆ ಹೋದ್ರೆ ಮಕ್ಕಳನ್ನೂ ಕರ್ಕೊಂಡು ಹೋಗಿ ತೋರಿಸಿ.